ಪ್ರಶ್ನೋತ್ತರ: ಮನೆಯಲ್ಲಿ ಒಳ್ಳೆಯ ಫಿಲ್ಟರ್ ಕಾಫಿ

ನಿರ್ವಾಹಕರು: ಹಾಸನದಲ್ಲಿ ಕಾಫಿ ಬೀಜ ಹುರಿದು ಪುಡಿ ಮಾಡಿ ಮಾರುವ ನಮ್ಮ ಸದಸ್ಯರು ಇಂದು ಸಂಜೆ ನಿಮ್ಮ ಪ್ರಶ್ನೆಗಳಿಗೆ ಉತ್ತರಿಸಲಿದ್ದಾರೆ. ಕೇಳಿದ್ದನ್ನೇ ಮತ್ತೆ ಕೇಳಬೇಡಿರೆಂದು ವಿನಂತಿ.

ಮೈಸೂರಿನ ಸದಸ್ಯೆ: ನಮಸ್ಕಾರ ಸರ್. ಸ್ಟೀಲ್ ಫಿಲ್ಟರ್‌ಗೆ ರಾತ್ರಿ ಹಾಕಿದ ಡಿಕಾಕ್ಷನ್ ಬೆಳಗಾದರೂ ಅರ್ಧಕ್ಕಿಂತ ಹೆಚ್ಚು ಇಳಿದಿರುವುದಿಲ್ಲ. ಕಾರಣವೇನು?

ಉತ್ತರ: ನಮಸ್ಕಾರ ಅಮ್ಮ. ಪುಡಿ ತೀರ ನುಣ್ಣಗಿರಬೇಕು, ಇಲ್ಲವೇ ಪುಡಿಯ ಮೇಲಿಡುವ ತೂತಿನ ಬಿಲ್ಲೆಯನ್ನು ಬಲವಾಗಿ ಒತ್ತಿರಬೇಕು. ಕಾಫಿಗೆ ಬೆರೆಸುವ ಚಿಕೋರಿ, ಅಂದರೆ ಹುರಿದ ಬೇರಿನ ಪುಡಿ, ಹೆಚ್ಚಾದರೂ ಅದು ನೀರು ಹೀರಿ ಉಬ್ಬಿಕೊಂಡು ದಾರಿ ಕಟ್ಟುತ್ತದೆ. 20 ಗ್ರಾಂ ಪುಡಿಗೆ ಸುಮಾರು 150 ಮಿಲಿ ನೀರು ಸಾಕು. ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ, ಅರ್ಧ ನಿಮಿಷ ಬಿಟ್ಟು, ಮೊದಲು ಪುಡಿ ನೆನೆಯುವಷ್ಟು ಮಾತ್ರ ಹಾಕಿ, ಅದು ಉಬ್ಬಿ ಕೂತ ಮೇಲೆ ಉಳಿದದ್ದನ್ನು ನಿಧಾನವಾಗಿ ಸುರಿಯಿರಿ. ಹದಿನೈದು ಇಪ್ಪತ್ತು ನಿಮಿಷದಲ್ಲಿ ಇಳಿಯಬೇಕು. ಮೇಲಿನ ಡಬ್ಬಿಯ ತಳವನ್ನು ಬೆಳಕಿಗೆ ಹಿಡಿದು ನೋಡಿ. ತೂತುಗಳು ಮುಚ್ಚಿದ್ದರೆ ಆ ತಳವನ್ನು ಒಲೆಯ ಉರಿಯ ಮೇಲೆ ತುಸು ಹೊತ್ತು ಕಾಸಿ, ಆರಿದ ಮೇಲೆ ತಟ್ಟಿದರೆ ಸುಟ್ಟ ಚರಟ ಉದುರುತ್ತದೆ.

ತುಮಕೂರಿನ ಸದಸ್ಯರು: ಪುಡಿಯನ್ನು ಫ್ರಿಜ್‌ನಲ್ಲಿ ಇಡಬಹುದೇ?

ಉತ್ತರ: ಬೇಡ. ಡಬ್ಬಿಯನ್ನು ಹೊರತೆಗೆದಾಗಲೆಲ್ಲ ತೇವ ಕೂರುತ್ತದೆ, ಪಕ್ಕದ ಸಾಂಬಾರಿನ ವಾಸನೆಯೂ ಹತ್ತುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು, ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿಸಿಕೊಳ್ಳಿ.

ದಾವಣಗೆರೆಯ ಸದಸ್ಯರು: ಒಂದು ಸಂದೇಶ ಬಂದಿದೆ. ತಣ್ಣೀರಿನ ಲೋಟಕ್ಕೆ ಕಾಫಿಪುಡಿ ಉದುರಿಸಿದಾಗ ಅದು ಮುಳುಗಿ ಕಂದು ಎಳೆ ಬಿಟ್ಟರೆ ಪುಡಿಯಲ್ಲಿ ವಿಷವಿದೆ ಎಂದರ್ಥವಂತೆ. ನಮ್ಮ ಮನೆಯ ಪುಡಿ ಮುಳುಗಿತು!

ಉತ್ತರ: ಅದು ಚಿಕೋರಿಯನ್ನು ಗುರುತಿಸುವ ಪರೀಕ್ಷೆ, ವಿಷವನ್ನಲ್ಲ. ಕಾಫಿ ತೇಲುತ್ತದೆ, ಚಿಕೋರಿ ಬಣ್ಣ ಬಿಡುತ್ತ ಕೆಳಗಿಳಿಯುತ್ತದೆ. ನಿಮ್ಮ ಪೊಟ್ಟಣದ ಮೇಲೆ ಚಿಕೋರಿ ಎಂದು ಬರೆದಿದ್ದರೆ ಅದು ಮುಳುಗದೆ ಇನ್ನೇನು ಮಾಡೀತು? ಶುದ್ಧ ಕಾಫಿ ಎಂದು ಬರೆದೂ ಮುಳುಗಿದರೆ ಮಾತ್ರ ಅಂಗಡಿಯವರನ್ನು ಕೇಳಿ.

ಸಕಲೇಶಪುರದ ಸದಸ್ಯರು: ನಾವು ತೋಟದಲ್ಲಿ ಕಷ್ಟಪಟ್ಟು ಬೆಳೆದ ಬೀಜಕ್ಕೆ ಯಾವುದೋ ಬೇರಿನ ಪುಡಿ ಬೆರೆಸಿ ಕುಡಿಯುವುದೇ ಕಲಬೆರಕೆ. ಕಾಫಿಯ ರುಚಿ ಬೇಕಿದ್ದವರು ಶುದ್ಧ ಅರೇಬಿಕಾ ಕುಡಿಯಲಿ.

ಬಸವನಗುಡಿಯ ಸದಸ್ಯರು: ಕಲಬೆರಕೆ ಎಂಬ ಮಾತನ್ನು ತಾವು ಹಿಂತೆಗೆದುಕೊಳ್ಳಬೇಕು. ಚಿಕೋರಿಯಿಲ್ಲದೆ ಹಾಲಿನ ಕಾಫಿಗೆ ಆ ಬಣ್ಣವಾಗಲಿ ಮಂದವಾಗಲಿ ಬರುವುದಿಲ್ಲ.

ಉತ್ತರ: ನಿಯಮದ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ತೋರಿಸಬೇಕು. ಹೇಳಿ ಬೆರೆಸಿದ್ದು ಕಲಬೆರಕೆಯಲ್ಲ. ಮನೆಗೆ ಚಿಕೋರಿ ಶೇ. 20 ದಾಟದಿರುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಇಬ್ಬರೂ ದಯವಿಟ್ಟು ಇಲ್ಲಿಗೆ ನಿಲ್ಲಿಸಿ.

ಬೆಳಗಾವಿಯ ಸದಸ್ಯೆ: ಯಾವ ಕಂಪನಿಯ ಫಿಲ್ಟರ್ ಕೊಳ್ಳಬೇಕು?

ಶಿವಮೊಗ್ಗದ ಸದಸ್ಯೆ: ಸರ್, ಅತ್ತೆಯವರ ಕಾಲದ ಹಿತ್ತಾಳೆ ಫಿಲ್ಟರ್ ಅಟ್ಟದ ಮೇಲೆ ಸಿಕ್ಕಿತು. ಹುಣಸೆಹಣ್ಣು ಹಾಕಿ ಥಳಥಳ ಎನ್ನುವಂತೆ ತಿಕ್ಕಿ, ಈಗ ಅದರಲ್ಲೇ ರಾತ್ರಿ ಡಿಕಾಕ್ಷನ್ ಹಾಕಿಡುತ್ತಿದ್ದೇವೆ. ಕಾಫಿಗೆ ಏನೋ ಕಮಟು ರುಚಿ ಬಂದಿದೆ. ಕೆಳಗಿನ ಡಬ್ಬಿಯ ಅಂಚಿನಲ್ಲಿ ಹಸಿರು ಗೆರೆ ಮತ್ತೆ ಮತ್ತೆ ಮೂಡುತ್ತದೆ. ಈ ವಾರ ಮಾವನವರಿಗೆ ಕಾಫಿ ಕುಡಿದ ಮೇಲೆ ವಾಕರಿಕೆ ಬರುತ್ತಿದೆ. ಪುಡಿ ಬದಲಿಸಬೇಕೇ?

ಉತ್ತರ: ಅಮ್ಮ, ಪುಡಿಯ ಮಾತು ಆಮೇಲೆ. ಮೊದಲು ಆ ಫಿಲ್ಟರ್ ಬಳಸುವುದನ್ನು ಈಗಲೇ ನಿಲ್ಲಿಸಿ, ಅದರಲ್ಲಿರುವ ಡಿಕಾಕ್ಷನ್ ಚೆಲ್ಲಿಬಿಡಿ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಹಳೆಯ ಹಿತ್ತಾಳೆಯಲ್ಲಿ ಸೀಸವೂ ಇರಬಹುದು. ಕಾಫಿ ಹುಳಿಯ ಗುಣದ್ದು, ಅದರಲ್ಲೂ ಇಡೀ ರಾತ್ರಿ ಬಿಸಿಯಿಂದ ಆರುತ್ತ ಲೋಹಕ್ಕೆ ತಾಗಿಕೊಂಡಿದ್ದರೆ ತಾಮ್ರ ಅದರೊಳಗೆ ಕರಗಿ ಬರುತ್ತದೆ. ಆ ಹಸಿರು ಗೆರೆ ತಾಮ್ರದ ಕಿಲುಬು. ವಾಕರಿಕೆಗೆ ಬೇರೆ ಕಾರಣವೂ ಇರಬಹುದು, ನಾನು ವೈದ್ಯನಲ್ಲ. ಆದರೆ ಮಾವನವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋದಾಗ ಈ ಪಾತ್ರೆಯ ವಿಷಯವನ್ನು ತಪ್ಪದೆ ಹೇಳಿ. ಹಿಂದಿನವರು ಹಿತ್ತಾಳೆ ಪಾತ್ರೆಯ ಒಳಮೈಗೆ ತವರದ ಕಲಾಯಿ ಹಾಕಿಸದೆ ಹುಳಿ ಪದಾರ್ಥ ಇಡುತ್ತಿರಲಿಲ್ಲ. ಒಳಗೆ ಬೆಳ್ಳಗೆ ಕಂಡರೆ ಕಲಾಯಿ ಇನ್ನೂ ಇದೆ, ಹಳದಿ ಕಂಡರೆ ಸವೆದಿದೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಕಿಲುಬು ಹೋಗುತ್ತದೆ, ಜೊತೆಗೆ ಅಳಿದುಳಿದ ಕಲಾಯಿಯೂ ತೆಳುವಾಗುತ್ತದೆ. ನೀವು ಥಳಥಳ ಎಂದಿರಲ್ಲ, ನನಗೆ ಭಯವಾಗಿರುವುದು ಅದೇ ಮಾತಿನಿಂದ.

ದಾವಣಗೆರೆಯ ಸದಸ್ಯರು: ತಾಮ್ರದ ಬಿಂದಿಗೆಯ ನೀರು ಆರೋಗ್ಯಕ್ಕೆ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ಕಾಫಿಗೆ ಮಾತ್ರ ಏಕೆ ಭಯ? ಈ ಸಂದೇಶದಲ್ಲಿ ದಿನವೂ ನಿಂಬೆಹಣ್ಣಿನಿಂದ ಉಜ್ಜಿದರೆ ಸಾಕು ಎಂದಿದೆ.

ಉತ್ತರ: ನೀರು ಬೇರೆ, ಹುಳಿಯಿರುವ ಬಿಸಿ ಡಿಕಾಕ್ಷನ್ ಬೇರೆ. ನಿಂಬೆರಸ ಕೂಡ ಹುಳಿಯೇ. ಒಬ್ಬರ ಮನೆಯಲ್ಲಿ ಹಿರಿಯರಿಗೆ ವಾಕರಿಕೆ ಬರುತ್ತಿದೆಯೆಂದು ಕೇಳುತ್ತಿರುವಾಗ ಇಂಥ ಸಂದೇಶವನ್ನು ಇಲ್ಲಿ ಹಾಕಬೇಡಿ.

ದಾವಣಗೆರೆಯ ಸದಸ್ಯರು: ಮಾಹಿತಿ ಹಂಚುವುದು ತಪ್ಪೇ? ಕಪ್ಪು ಕಾಫಿಗೆ ನಿಂಬೆರಸ ಹಿಂಡಿ ಕುಡಿದರೆ ಕೊಬ್ಬು ಕರಗುತ್ತದೆ ಎಂದೂ ಇದೆ.

ಉತ್ತರ: ಕರಗುವುದಿಲ್ಲ.

ಹುಬ್ಬಳ್ಳಿಯ ಸದಸ್ಯರು: ಡಿಕಾಕ್ಷನ್ ಬೇಗ ಇಳಿಯುತ್ತಿಲ್ಲ ಸರ್, ಏನು ಮಾಡಲಿ?

ಉತ್ತರ: ಮೇಲೆ ಮೊದಲನೆಯ ಉತ್ತರವನ್ನು ಓದಿ.

ಜರ್ಮನಿಯಲ್ಲಿರುವ ಸದಸ್ಯೆ: ಇಲ್ಲಿ ಕಾಗದದ ಫಿಲ್ಟರ್ ಬಳಸುತ್ತೇವೆ. ಕೊಲೆಸ್ಟ್ರಾಲ್ ಇರುವವರಿಗೆ ಅದೇ ಒಳ್ಳೆಯದು ಎನ್ನುತ್ತಾರೆ. ನಿಜವೇ?

ಉತ್ತರ: ನಿಜ. ಕೊಲೆಸ್ಟ್ರಾಲ್ ಏರಿಸುವ ಕೆಫೆಸ್ಟಾಲ್ ಎಂಬ ಅಂಶ ಕಾಫಿಯ ಎಣ್ಣೆಯಲ್ಲಿದೆ. ಕಾಗದ ಅದನ್ನು ಬಹುಮಟ್ಟಿಗೆ ತಡೆಯುತ್ತದೆ, ಲೋಹದ ಫಿಲ್ಟರ್ ಅಷ್ಟು ತಡೆಯುವುದಿಲ್ಲ.

ಸಕಲೇಶಪುರದ ಸದಸ್ಯರು: ಕಾಗದದಲ್ಲಿ ಸೋಸಿದ್ದನ್ನು ನಾವು ಕಾಫಿ ಎನ್ನುವುದಿಲ್ಲ.

ಬಸವನಗುಡಿಯ ಸದಸ್ಯರು: ತಾವು ಬೇರೆಯವರು ಕುಡಿಯುವ ಯಾವುದನ್ನು ತಾನೇ ಕಾಫಿ ಎಂದಿದ್ದೀರಿ?

ಸಕಲೇಶಪುರದ ಸದಸ್ಯರು: ಬೇರಿನ ಕಷಾಯ ಕುಡಿಯುವವರಿಂದ ನಾನು ಪಾಠ ಕಲಿಯಬೇಕಿಲ್ಲ.

ನಿರ್ವಾಹಕರು: ಇಬ್ಬರಿಗೂ ಇದು ಕೊನೆಯ ಎಚ್ಚರಿಕೆ.

ಮಂಡ್ಯದ ಸದಸ್ಯರು: ಸಕ್ಕರೆಯ ಬದಲು ಬೆಲ್ಲ ಹಾಕಿದರೆ ಹಾಲು ಒಡೆಯುತ್ತದೆ. ಏನಾದರೂ ಉಪಾಯವಿದೆಯೇ?

ಶಿವಮೊಗ್ಗದ ಸದಸ್ಯೆ: ಸರ್, ಈಗ ನೋಡಿದೆ. ತೂತುಗಳ ಸುತ್ತ ಹಳದಿ ಕಾಣುತ್ತಿದೆ, ಗೋಡೆಯಲ್ಲಿ ಅಲ್ಲಲ್ಲಿ ಬೆಳ್ಳನೆಯ ಮಚ್ಚೆ ಉಳಿದಿದೆ. ಆದರೆ ಮಾವನವರು ಒಪ್ಪುತ್ತಿಲ್ಲ. ತಮ್ಮ ತಂದೆಯವರು ಇದೇ ಫಿಲ್ಟರ್‌ನಲ್ಲಿ ಬಾಳಿನುದ್ದಕ್ಕೂ ಕುಡಿದರು, ಅವರಿಗೇನೂ ಆಗಲಿಲ್ಲ ಎನ್ನುತ್ತಾರೆ. ಕಲಾಯಿ ಹಾಕಿಸಿದರೆ ಬಳಸಬಹುದೇ?

ಉತ್ತರ: ಅವರ ತಂದೆಯವರ ಕಾಲದಲ್ಲಿ ಕಲಾಯಿಯವರು ಬೀದಿಗೇ ಬರುತ್ತಿದ್ದರು, ಒಳಮೈ ಸವೆದಾಗಲೆಲ್ಲ ಮತ್ತೆ ಹಾಕಿಸುತ್ತಿದ್ದರು, ಇದನ್ನು ಅವರಿಗೆ ನೆನಪಿಸಿ. ಈಗಲೂ ಹಾಕಿಸಬಹುದು, ಆದರೆ ಶುದ್ಧ ತವರವನ್ನೇ ಬಳಸುವರೆಂಬ ನಂಬಿಕೆಯಿದ್ದರೆ ಮಾತ್ರ, ಏಕೆಂದರೆ ಖರ್ಚು ಉಳಿಸಲು ಸೀಸ ಬೆರೆಸುವವರಿದ್ದಾರೆ, ಮತ್ತು ಅದನ್ನು ಕಣ್ಣಿನಿಂದ ಗುರುತಿಸಲಾಗದು. ಕಾಸಿದ ತವರ ಸಣ್ಣ ತೂತುಗಳನ್ನು ಮುಚ್ಚಿಬಿಡುವ ತೊಂದರೆಯೂ ಉಂಟು. ನನ್ನನ್ನು ಕೇಳಿದರೆ ಸ್ಟೀಲ್ ಫಿಲ್ಟರ್ ತನ್ನಿ, ಇದು ಶೋಕೇಸಿನಲ್ಲಿರಲಿ. ವೈದ್ಯರ ಭೇಟಿಯನ್ನು ಮುಂದೂಡಬೇಡಿ.

ಕೋಲಾರದ ಸದಸ್ಯರು: ಡಿಕಾಕ್ಷನ್ ಇಳಿಯಲು ತುಂಬ ಹೊತ್ತು ಹಿಡಿಯುತ್ತಿದೆ, ಪರಿಹಾರ ತಿಳಿಸಿ.

ಉತ್ತರ: ಮೂರನೆಯ ಬಾರಿ. ಪುಡಿ ತರಿಯಾಗಿರಲಿ, ಬಿಲ್ಲೆಯನ್ನು ಒತ್ತಬೇಡಿ.