ರೀಬೂಟ್ ಆದ ಮೇಲೆ ಎಂಜಿನ್‌ಎಕ್ಸ್ ಏಳುತ್ತಿಲ್ಲ, ಕಾನ್ಫಿಗ್ ಟೆಸ್ಟ್ ಮಾತ್ರ ಸರಿ ಅನ್ನುತ್ತದೆ

ಪ್ರಶ್ನೆ:
ಉಬುಂಟು ಲಿನಕ್ಸ್ ಇರುವ ಸರ್ವರ್‌ನಲ್ಲಿ ನನ್ನ ಸೈಟ್ ತೋರಿಸುವ ವೆಬ್ ಸರ್ವರ್ ಎಂಜಿನ್‌ಎಕ್ಸ್ ಚೆನ್ನಾಗಿಯೇ ಓಡುತ್ತಿತ್ತು. ಕರ್ನಲ್ ಅಪ್‌ಡೇಟ್ ಆಯಿತು ಅಂತ ರೀಬೂಟ್ ಮಾಡಿದೆ, ಅಲ್ಲಿಂದ ಅದು ಸ್ಟಾರ್ಟ್ ಆಗುತ್ತಲೇ ಇಲ್ಲ. ಸರ್ವಿಸ್‌ಗಳನ್ನು ನಿಭಾಯಿಸುವ ಸಿಸ್ಟಮ್‌ಸಿಟಿಎಲ್ ಕಮಾಂಡ್‌ನಲ್ಲಿ ಸ್ಟೇಟಸ್ ನೋಡಿದರೆ ಫೇಲ್ಡ್. ಆದರೆ ‘ಎಂಜಿನ್‌ಎಕ್ಸ್ -ಟಿ’ ಕೊಟ್ಟರೆ ಎಲ್ಲ ಸರಿಯಿದೆ ಅನ್ನುತ್ತದೆ. ಕಾನ್ಫಿಗ್ ಫೈಲ್ ನಾನು ಮುಟ್ಟಿಲ್ಲ. ಬ್ರೌಸರ್‌ನಲ್ಲಿ ನನ್ನ ಸೈಟ್ ಬದಲು ಯಾವುದೋ ಡಿಫಾಲ್ಟ್ ಪುಟ ಬರುತ್ತಿದೆ. ಪೂರ್ತಿ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಲಾ?

ಉತ್ತರ 1:
ಇನ್‌ಸ್ಟಾಲ್ ಎಲ್ಲ ಬೇಡ. ಎಂಜಿನ್‌ಎಕ್ಸ್ ಸತ್ತಿದ್ದರೂ ಪುಟ ಬರುತ್ತಿದೆ ಅಂದರೆ 80ನೇ ಪೋರ್ಟ್ (ಬ್ರೌಸರ್‌ಗಳು ಸೈಟ್ ಕೇಳಿಕೊಂಡು ಬರುವ ಬಾಗಿಲು) ಬೇರೆ ಯಾವುದೋ ಪ್ರೋಗ್ರಾಂ ಕೈಯಲ್ಲಿದೆ ಅಂತ ತಾನೇ? ‘-ಟಿ’ ಇದನ್ನು ಹಿಡಿಯುವುದಿಲ್ಲ. ಅದು ಕಾನ್ಫಿಗ್ ಓದುತ್ತದೆ, ಸರ್ಟಿಫಿಕೇಟ್ ಫೈಲ್ ಇದೆಯಾ ಅಂತ ನೋಡುತ್ತದೆ, ಆದರೆ ಪೋರ್ಟ್ ಖಾಲಿ ಇಲ್ಲದಿದ್ದರೆ ಬೇಕಂತಲೇ ಸುಮ್ಮನಿರುತ್ತದೆ, ಯಾಕೆಂದರೆ ಜಾಸ್ತಿ ಜನ ಆ ಟೆಸ್ಟ್ ಓಡಿಸುವುದೇ ಎಂಜಿನ್‌ಎಕ್ಸ್ ಆ ಪೋರ್ಟ್‌ನಲ್ಲಿ ಓಡುತ್ತಿರುವಾಗ.

‘ಜರ್ನಲ್‌ಸಿಟಿಎಲ್ -ಯು ಎಂಜಿನ್‌ಎಕ್ಸ್’ ಕೊಟ್ಟು ಲಾಗ್ ನೋಡಿ, ಬೈಂಡ್ ಫೇಲ್ಡ್, 98 ಅಂತ ಇರಬೇಕು, ಅಂದರೆ ಪೋರ್ಟ್ ಆಗಲೇ ಬಳಕೆಯಲ್ಲಿದೆ ಅಂತ. ಆಮೇಲೆ ‘ಸುಡೋ ಎಸ್‌ಎಸ್ -ಎಲ್‌ಟಿಎನ್‌ಪಿ’ ಕೊಟ್ಟು 80 ಇರುವ ಸಾಲು ಹುಡುಕಿ. ಸುಡೋ ಬಿಡಬೇಡಿ, ಇಲ್ಲದಿದ್ದರೆ ಪ್ರೋಗ್ರಾಂ ಹೆಸರು ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು:
ಹೌದು, 98 ಇದೆ. ಪೋರ್ಟ್ ಹಿಡಿದಿರುವುದು ಅಪಾಚೆ2, ಇನ್ನೊಂದು ವೆಬ್ ಸರ್ವರ್! ಅದನ್ನು ಸ್ಟಾಪ್ ಮಾಡಿದ ತಕ್ಷಣ ಎಂಜಿನ್‌ಎಕ್ಸ್ ಎದ್ದಿತು, ತುಂಬಾ ಥ್ಯಾಂಕ್ಸ್. ಆದರೆ ಅಪಾಚೆ ಇಲ್ಲಿಗೆ ಬಂದದ್ದು ಹೇಗೆ? ನಾನಂತೂ ಹಾಕಿಲ್ಲ.

ಉತ್ತರ 2:
ಇತ್ತೀಚೆಗೆ ಪಿಎಚ್‌ಪಿ (ಸೈಟ್‌ಗಳಿಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆ) ಹಾಕಿದ್ರಾ? ಡೆಬಿಯನ್, ಉಬುಂಟುಗಳಲ್ಲಿ ‘ಎಪಿಟಿ ಇನ್‌ಸ್ಟಾಲ್ ಪಿಎಚ್‌ಪಿ’ ಅಂತಷ್ಟೇ ಕೊಟ್ಟರೆ ಅಪಾಚೆಯೂ ಜೊತೆಗೇ ಬರುತ್ತದೆ. ಪಿಎಚ್‌ಪಿಯನ್ನು ವೆಬ್ ಸರ್ವರ್‌ಗೆ ಜೋಡಿಸಲು ಅಪಾಚೆ ಮಾಡ್ಯೂಲ್, ಎಫ್‌ಪಿಎಂ, ಸಿಜಿಐ ಇವುಗಳಲ್ಲಿ ಒಂದು ಬೇಕು, ಮೊದಲೇ ಯಾವುದೂ ಇಲ್ಲದಿದ್ದರೆ ಪ್ಯಾಕೇಜ್ ಹಾಕುವ ಎಪಿಟಿ ಅಪಾಚೆ ಮಾಡ್ಯೂಲನ್ನೇ ಆರಿಸಿಕೊಳ್ಳುತ್ತದೆ. ಬಂದ ಸರ್ವಿಸ್ ತಾನಾಗಿ ಎನೇಬಲ್ ಕೂಡ ಆಗುತ್ತದೆ, ಅಂದರೆ ಪ್ರತಿ ಬೂಟ್‌ಗೂ ತಾನೇ ಏಳಲು ನೋಡುತ್ತದೆ. ಅವತ್ತು ಪೋರ್ಟ್ ನಿಮ್ಮ ಎಂಜಿನ್‌ಎಕ್ಸ್ ಹತ್ತಿರ ಇತ್ತು, ಹಾಗಾಗಿ ಅಪಾಚೆ ಸ್ಟಾರ್ಟ್ ಆಗದೆ ಬಿತ್ತು, ಸೈಟ್ ನಡೆಯುತ್ತಿದ್ದರಿಂದ ಗೊತ್ತಾಗಲಿಲ್ಲ. ರೀಬೂಟ್‌ನಲ್ಲಿ ಇಬ್ಬರೂ ಓಡಿದರು, ಅಪಾಚೆ ಮೊದಲು ಮುಟ್ಟಿತು. ವಾರ್ ಒಳಗಿನ ಲಾಗ್, ಅದರೊಳಗಿನ ಎಪಿಟಿ ಫೋಲ್ಡರ್‌ನಲ್ಲಿರುವ ಹಿಸ್ಟರಿ ಲಾಗ್ ತೆರೆಯಿರಿ, ಯಾವ ದಿನ ಯಾವ ಕಮಾಂಡ್‌ನಿಂದ ಬಂತು ಅಂತ ಅಲ್ಲೇ ಬರೆದಿರುತ್ತದೆ.

ಬರೀ ಸ್ಟಾಪ್ ಮಾಡಿದರೆ ಮುಂದಿನ ರೀಬೂಟ್‌ಗೆ ಮತ್ತೆ ಇದೇ ಗೋಳು. ‘ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ ಅಪಾಚೆ2’ ಕೊಡಿ. ತೆಗೆದೇ ಹಾಕುವುದಾದರೆ ಮೊದಲು ಪಿಎಚ್‌ಪಿ-ಎಫ್‌ಪಿಎಂ ಹಾಕಿ, ಆಮೇಲೆ ಅಪಾಚೆ ರಿಮೂವ್ ಮಾಡಿ. ಎಪಿಟಿಗೆ ‘-ಎಸ್’ ಸೇರಿಸಿದರೆ ಏನೇನು ಹೋಗುತ್ತದೆ ಅಂತ ಮುಂಚೆಯೇ ತೋರಿಸುತ್ತದೆ, ಅದನ್ನು ಓದದೆ ಎಂಟರ್ ಒತ್ತಬೇಡಿ.

ಉತ್ತರ 3:
ಇದೇ ತೊಂದರೆ ಅಂದುಕೊಂಡು ಬರುವವರಿಗೆ ಒಂದು ಮಾತು. ಲಾಗ್‌ನಲ್ಲಿ 98 ಬದಲು 13, ಅಂದರೆ ಪರ್ಮಿಷನ್ ಡಿನೈಡ್ ಇದ್ದರೆ ಮೇಲಿನದು ಯಾವುದೂ ಕೆಲಸಕ್ಕೆ ಬರುವುದಿಲ್ಲ. ರೂಟ್ (ಪೂರ್ತಿ ಅಧಿಕಾರವಿರುವ ಯೂಸರ್) ಅಲ್ಲದ ಯೂಸರ್ 1024ಕ್ಕಿಂತ ಕೆಳಗಿನ ಪೋರ್ಟ್ ಕೇಳಿದರೆ ಹಾಗಾಗುತ್ತದೆ. ರೂಟ್ ಆಗಿದ್ದೂ ಬಂದರೆ, ರೆಡ್ ಹ್ಯಾಟ್ ಕಡೆಯ ಲಿನಕ್ಸ್ ಸಿಸ್ಟಮ್‌ಗಳಲ್ಲಿ ಎಸ್‌ಇಲಿನಕ್ಸ್ (ಯಾವ ಪ್ರೋಗ್ರಾಂ ಏನು ಮಾಡಬಹುದು ಅಂತ ಕಾಯುವ ಭದ್ರತಾ ವ್ಯವಸ್ಥೆ) ಮೇಲೆ ಅನುಮಾನ ಪಡಿ. 80, 443, 8443 ತರಹದ ಕೆಲವು ಪೋರ್ಟ್‌ಗಳನ್ನಷ್ಟೇ ಅದು ವೆಬ್ ಸರ್ವರ್‌ಗೆ ಬಿಡುತ್ತದೆ. ಬೇರೆ ಪೋರ್ಟ್ ಬೇಕಿದ್ದರೆ ‘ಸೆಮ್ಯಾನೇಜ್ ಪೋರ್ಟ್’ ಕಮಾಂಡ್‌ನಿಂದ ಆ ಪಟ್ಟಿಗೆ ಸೇರಿಸಿ. ಎಸ್‌ಇಲಿನಕ್ಸನ್ನೇ ಆಫ್ ಮಾಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ, ದಯವಿಟ್ಟು ಕೇಳಬೇಡಿ, ಒಂದು ಪೋರ್ಟ್‌ಗೋಸ್ಕರ ಇಡೀ ಸರ್ವರ್‌ನ ಕಾವಲು ತೆಗೆದಂತಾಗುತ್ತದೆ.

ಪ್ರಶ್ನೆ ಕೇಳಿದವರು:
ಹಿಸ್ಟರಿ ಲಾಗ್‌ನಲ್ಲಿ ಪಿಎಚ್‌ಪಿ ಹಾಕಿದ ದಿನವೇ ಅಪಾಚೆಯ ಹೆಸರೂ ಇದೆ. ಎಫ್‌ಪಿಎಂ ಹಾಕಿ ಅಪಾಚೆ ತೆಗೆದೆ, ರೀಬೂಟ್ ಮಾಡಿ ನೋಡಿದೆ, ಸೈಟ್ ತಾನಾಗಿ ಬಂತು.