ಸಂಜೆಯ ಧೂಮಕೇತುವನ್ನು ಮಕ್ಕಳಿಗೆ ತೋರಿಸುವುದು ಹೇಗೆ?

ಪ್ರಶ್ನೆ (18 ಅಕ್ಟೋಬರ್ 2024)

ನಮಸ್ಕಾರ. ನಾನು ಹೊಸದುರ್ಗದ ಬಳಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಸುಚಿನ್‌ಶಾನ್–ಅಟ್ಲಾಸ್ ಧೂಮಕೇತುವನ್ನು ಮಕ್ಕಳಿಗೆ ತೋರಿಸಬೇಕೆಂದು ವಾರವೆಲ್ಲ ಕಾದರೂ ಮೋಡ ಬಿಡಲಿಲ್ಲ. ಈ ತಿಂಗಳ 12ರಂದೇ ಅದು ಭೂಮಿಗೆ ಅತಿ ಸಮೀಪ, ಅಂದರೆ ಸುಮಾರು 7 ಕೋಟಿ ಕಿಲೋಮೀಟರ್ ದೂರಕ್ಕೆ, ಬಂದು ಹೋಯಿತೆಂದು ಓದಿದೆ. ಇನ್ನೂ ಬರಿಗಣ್ಣಿಗೆ ಕಾಣುವುದೇ? ನಮ್ಮಲ್ಲಿರುವುದು ಒಂದು 10×50 ಬೈನಾಕ್ಯುಲರ್ ಮಾತ್ರ. ಕೆಲವು ಚಿತ್ರಗಳಲ್ಲಿ ಸೂರ್ಯನ ಕಡೆಗೂ ತೆಳುವಾದ ಬಾಲವೊಂದು ಕಾಣುತ್ತದೆ. ಅದೇನೆಂದು ಮಕ್ಕಳು ಕೇಳುತ್ತಿದ್ದಾರೆ.

ಉತ್ತರ 1

ಕಾಣುತ್ತದೆ ಮೇಡಂ, ಆದರೆ ದಯವಿಟ್ಟು ಇನ್ನು ತಡಮಾಡಬೇಡಿ. ಸೂರ್ಯನಿಂದಲೂ ನಮ್ಮಿಂದಲೂ ದೂರ ಸರಿಯುತ್ತಿರುವುದರಿಂದ ಅದು ದಿನದಿಂದ ದಿನಕ್ಕೆ ಮಂಕಾಗುತ್ತಿದೆ. ಹುಣ್ಣಿಮೆ ನಿನ್ನೆಗೆ ಮುಗಿದಿರುವುದು ನಿಮಗೆ ಅನುಕೂಲ: ಚಂದ್ರೋದಯ ದಿನದಿನವೂ ತಡವಾಗುವುದರಿಂದ, 20ರಿಂದ ಮುಂದೆ ಏಳು ಗಂಟೆಯ ಸುಮಾರಿಗೆ ಕತ್ತಲು ಕವಿದ ಮೇಲೆ ಒಂದು ಗಂಟೆಯಾದರೂ ಬೆಳದಿಂಗಳಿಲ್ಲದ ಆಕಾಶ ಸಿಗುತ್ತದೆ. ನೈಋತ್ಯದ ಕಡೆ ತಗ್ಗಿನಲ್ಲಿ ಹೊಳೆಯುವ ಶುಕ್ರನನ್ನು ಮೊದಲು ಗುರುತಿಸಿ, ಕೈಯನ್ನು ಪೂರ್ತಿ ಚಾಚಿ, ಅಲ್ಲಿಂದ ಬಲಕ್ಕೆ ಓರೆಯಾಗಿ ಮೇಲೆ ಸುಮಾರು ಎರಡೂವರೆ ಮುಷ್ಟಿಯಷ್ಟು ದೂರ ಅಳೆಯಿರಿ. ಅದು ಉರಗಧರ ನಕ್ಷತ್ರಪುಂಜದ ಭಾಗ. ಅಲ್ಲಿ ಬೈನಾಕ್ಯುಲರನ್ನು ನಿಧಾನವಾಗಿ ಆಡಿಸಿದರೆ ಮಸುಕಾದ ತಲೆಯೂ ಮೇಲಕ್ಕೆ ಚಾಚಿದ ಬಾಲವೂ ಸಿಗುತ್ತವೆ.

ಉತ್ತರ 2

ಮೇಲಿನ ಮಾಹಿತಿಗೆ ಒಂದು ಮಾತು ಸೇರಿಸುತ್ತೇನೆ. ಧೂಮಕೇತುವೆಂದರೆ ಉಲ್ಕೆಯಂತೆ ಸರ್ರನೆ ಹಾದುಹೋಗುತ್ತದೆಂದು ಮಕ್ಕಳು ಭಾವಿಸಿರುತ್ತಾರೆ. ಅದು ನಕ್ಷತ್ರಗಳ ನಡುವೆ ನಿಂತಂತೆಯೇ ಇದ್ದು ಅವುಗಳೊಂದಿಗೇ ಮುಳುಗುತ್ತದೆಂದು ಮೊದಲೇ ತಿಳಿಸಿ. ಟಾರ್ಚು, ಮೊಬೈಲುಗಳನ್ನು ಹದಿನೈದು ನಿಮಿಷವಾದರೂ ಆರಿಸಿಟ್ಟರೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತದೆ. ನೇರವಾಗಿ ದಿಟ್ಟಿಸದೆ ತುಸು ಪಕ್ಕಕ್ಕೆ ನೋಡಿದಾಗ ಬಾಲ ಹೆಚ್ಚು ಉದ್ದವಾಗಿ ಕಾಣುತ್ತದೆ, ಏಕೆಂದರೆ ಮಂದ ಬೆಳಕನ್ನು ಗ್ರಹಿಸುವ ಕೋಶಗಳು ಅಕ್ಷಿಪಟಲದ ನಟ್ಟನಡುವೆ ಇರುವುದಿಲ್ಲ.

ಉತ್ತರ 3

ಮಕ್ಕಳ ಪ್ರಶ್ನೆ ಬಹಳ ಒಳ್ಳೆಯದು. ಆ ತೆಳು ಗೆರೆಯನ್ನು ಪ್ರತಿಬಾಲ ಎನ್ನಬಹುದು. ಧೂಮಕೇತು ಉದುರಿಸಿದ ದಪ್ಪ ದೂಳಿನ ಕಣಗಳು ಬಿಸಿಲಿನ ಒತ್ತಡಕ್ಕೆ ಸುಲಭವಾಗಿ ದೂರ ತಳ್ಳಲ್ಪಡದೆ, ಅದರ ಕಕ್ಷೆಯ ಸಮತಲದಲ್ಲೇ ತೆಳುವಾದ ಹಾಳೆಯಂತೆ ಹರಡಿಕೊಂಡಿರುತ್ತವೆ. 14ರ ಆಸುಪಾಸಿನಲ್ಲಿ ಭೂಮಿ ಆ ಸಮತಲವನ್ನು ದಾಟಿತು. ಆಗ ಹಾಳೆಯ ಅಂಚು ಮಾತ್ರ ನಮಗೆ ಕಂಡು, ಗೆರೆಯೊಂದು ಸೂರ್ಯನತ್ತ ಚಾಚಿದಂತೆ ತೋರಿತು. ನಿಜವಾಗಿ ಯಾವುದೂ ಸೂರ್ಯನ ಕಡೆಗೆ ಹರಿಯುತ್ತಿಲ್ಲ. ಈಗ ಅದು ಕಣ್ಣಿಗೆ ಸಿಗುವುದು ಕಷ್ಟ. ಮೊಬೈಲನ್ನು ಅಲುಗಾಡದಂತೆ ಕಲ್ಲಿಗೋ ಸ್ಟ್ಯಾಂಡಿಗೋ ಆನಿಸಿ ಹತ್ತು ಸೆಕೆಂಡಿನ ನೈಟ್ ಮೋಡ್ ಚಿತ್ರ ತೆಗೆದರೆ ಮುಖ್ಯ ಬಾಲವಂತೂ ಚೆನ್ನಾಗಿ ಮೂಡುತ್ತದೆ. ಎರಡು ಮೂರು ಸಂಜೆಗಳ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಅದು ನಕ್ಷತ್ರಗಳ ನಡುವೆ ಎಷ್ಟು ಸರಿದಿದೆಯೆಂದು ಮಕ್ಕಳೇ ಅಳೆಯಬಹುದು.