ಸ್ಪೇನ್ 2022: ಶೇ. 70 ವೋಟು ಬಂದರೂ ಸೋತಿದ್ದು ಹೇಗೆ?

ಪ್ರಶ್ನೆ

ಯುರೋಪಿನ ದೇಶಗಳ ನಡುವಿನ ಹಾಡಿನ ಸ್ಪರ್ಧೆ ಯೂರೋವಿಷನ್‌ಗೆ ಸ್ಪೇನ್ ತನ್ನ ಹಾಡು ಆರಿಸಿದ 2022ರ ಬೆನಿಡಾರ್ಮ್ ಫೆಸ್ಟ್ ಫೈನಲ್ ಈಚೆಗೆ ನೋಡಿದೆ. ತಾನ್ಶುಗೆಯ್ರಾಸ್ ಅಂತ ಮೂವರು ಹೆಣ್ಣುಮಕ್ಕಳ ತಂಡ. ಸ್ಪೇನಿನ ಗಲಿಷಿಯಾ ಪ್ರಾಂತ್ಯದ ಜಾನಪದ ದಮ್ಮಡಿ ಹಾಡುಗಳಿಂದ ಬಂದವರು, ಹಾಡಿದ್ದೂ ಗಲಿಷಿಯನ್ ಭಾಷೆಯಲ್ಲೇ. ಮೂರೂ ಗಂಟಲು ಒಟ್ಟಿಗೆ ಏರಿದಾಗ ಮೈ ಜುಮ್ಮೆನ್ನುತ್ತದೆ. ಫೋನ್ ವೋಟಿನಲ್ಲಿ ಅವರಿಗೆ ಶೇ. 70.75 ಬಂದಿತ್ತು. ಶನೆಲ್ ಎಂಬ ಗಾಯಕಿಗೆ ಬಂದಿದ್ದು ಶೇ. 3.97. ಆದರೂ ಯೂರೋವಿಷನ್ ನಡೆದ ಟುರಿನ್‌ಗೆ ಹೋದವರು ಶನೆಲ್! ತೀರ್ಪುಗಾರರು ಜನರ ಮಾತನ್ನು ಇಷ್ಟು ಸುಲಭವಾಗಿ ತಳ್ಳಿಹಾಕಬಹುದಾ? ಹಾಗಿದ್ದರೆ ವೋಟು ಕೇಳುವುದಾದರೂ ಯಾಕೆ?

ಉತ್ತರ 1

ಅಲ್ಲಿ ತೀರ್ಪುಗಾರರ ಪಾಲೇ ಅರ್ಧ. ಉಳಿದರ್ಧದಲ್ಲಿ ಫೋನ್ ವೋಟಿಗೆ ಕಾಲು ಭಾಗ, ಸಮೀಕ್ಷೆಯ ಹಾಗೆ ಆರಿಸಿದ ಪ್ರೇಕ್ಷಕರ ಗುಂಪಿಗೆ ಕಾಲು ಭಾಗ. ಈ ನಿಯಮ ಎಲ್ಲರಿಗೂ ಮೊದಲೇ ಗೊತ್ತಿತ್ತು.

ಉತ್ತರ 2

ನಿಯಮ ಗೊತ್ತಿತ್ತು ಅನ್ನುವುದು ಸರಿ. ಆದರೆ ನನ್ನ ತಕರಾರು ತೀರ್ಪುಗಾರರ ಮೇಲಲ್ಲ, ಲೆಕ್ಕದ ಮೇಲೆ. ಅಂಕಪಟ್ಟಿಯನ್ನು ಸ್ವಲ್ಪ ಹತ್ತಿರದಿಂದ ನೋಡಿ.

ಶನೆಲ್: ತೀರ್ಪುಗಾರರಿಂದ 51, ಪ್ರೇಕ್ಷಕರ ಗುಂಪಿನಿಂದ 25, ಫೋನಿನಿಂದ 20. ಒಟ್ಟು 96.
ರಿಗೊಬೆರ್ತಾ ಬಂದೀನಿ: 46, 20, 25. ಒಟ್ಟು 91.
ತಾನ್ಶುಗೆಯ್ರಾಸ್: 30, 30, 30. ಒಟ್ಟು 90.

ಫೋನ್ ಸಾಲನ್ನು ನೋಡಿ. ಶೇ. 70.75ಕ್ಕೆ 30 ಅಂಕ. ಬಂದೀನಿಯ ಶೇ. 18.08ಕ್ಕೆ 25. ಶೇ. 3.97ಕ್ಕೆ 20! ಎಷ್ಟು ವೋಟು ಬಂತು ಅಂತ ಯಾರೂ ಕೇಳಲಿಲ್ಲ, ಎಷ್ಟನೇ ಸ್ಥಾನ ಅಂತ ಮಾತ್ರ ಕೇಳಿದರು. ಒಂದೇ ವೋಟಿನಿಂದ ಮೊದಲು ಬಂದಿದ್ದರೂ ಅದೇ 30 ಸಿಗುತ್ತಿತ್ತು. ಗೆದ್ದವರಿಗಿಂತ ಅವರು ಹಿಂದೆ ಬಿದ್ದಿದ್ದು ಬರೀ ಆರು ಅಂಕ. ಅಷ್ಟು ಜನ ದುಡ್ಡು ಖರ್ಚು ಮಾಡಿ ಹಾಕಿದ ವೋಟಿನ ತೂಕ ಕರಗಿಹೋಗಿದ್ದು ಇಲ್ಲಿ.

ಯೂರೋವಿಷನ್‌ಗೆ ಹಾಡು ಆರಿಸುವ ಫಿನ್ಲೆಂಡಿನ ಸ್ಪರ್ಧೆ ಯುಎಂಕೆ ಇದನ್ನು ಚೆನ್ನಾಗಿ ಮಾಡುತ್ತದೆ. ಜನರಿಗೆ ಶೇ. 75, ಬೇರೆ ದೇಶಗಳ ತೀರ್ಪುಗಾರರಿಗೆ ಶೇ. 25. ಜನರ ಅಂಕ ಹಂಚುವುದು ವೋಟಿನ ಪ್ರಮಾಣಕ್ಕೆ ತಕ್ಕಂತೆ. 2023ರಲ್ಲಿ ಗಾಯಕ ಕ್ಯಾರಿಯಾ ಹೀಗೇ ಆಯ್ಕೆಯಾದರು, ಫಿನ್ನಿಶ್‌ನಲ್ಲೇ ಹಾಡಿದರು. ಲಿವರ್‌ಪೂಲ್‌ನ ಯೂರೋವಿಷನ್‌ನಲ್ಲಿ ಪ್ರೇಕ್ಷಕರಿಂದ 376 ಅಂಕ ಪಡೆದು ಎರಡನೆಯವರಾದರು.

ಹಾಗಂತ ತೀರ್ಪುಗಾರರೇ ಬೇಡ ಅನ್ನುವವನಲ್ಲ ನಾನು. ಪೋರ್ಚುಗಲ್ 2017ರಲ್ಲಿ ಸಲ್ವಡೋರ್ ಸೊಬ್ರಾಲ್ ಅವರನ್ನು ಆರಿಸಿದಾಗ ಜನರ ವೋಟಿನಲ್ಲಿ ಅವರು ಎರಡನೆಯವರು. ತೀರ್ಪುಗಾರರ ಪೂರ್ತಿ ಅಂಕ ಸೇರಿದ್ದರಿಂದಲೇ ಅವರು ಕೀವ್‌ನ ಯೂರೋವಿಷನ್‌ಗೆ ಹೋಗಿದ್ದು. ಅಲ್ಲಿ 758 ಅಂಕ ತಂದು ಪೋರ್ಚುಗಲ್‌ಗೆ ಮೊದಲ ಗೆಲುವು ಕೊಟ್ಟರು. ಅಷ್ಟು ಮೆಲ್ಲಗಿನ ಹಾಡನ್ನು ಕಿವಿಗೊಟ್ಟು ಕೇಳುವ ಯಾರೋ ಬೇಕೇ ಬೇಕು.

ಉತ್ತರ 3

ಶನೆಲ್ ಟುರಿನ್‌ನಲ್ಲಿ ಮೂರನೇ ಸ್ಥಾನ ಪಡೆದರು, 459 ಅಂಕ. 1995ರ ನಂತರ ಸ್ಪೇನ್‌ಗೆ ಅಷ್ಟು ಮೇಲಿನ ಸ್ಥಾನ ಬಂದೇ ಇರಲಿಲ್ಲ. ತೀರ್ಪುಗಾರರ ಆಯ್ಕೆ ಸರಿಯಾಗಿತ್ತು ಅಲ್ವಾ?

ಉತ್ತರ 2

ಅವರ ಪ್ರದರ್ಶನದ ಬಗ್ಗೆ ಎರಡು ಮಾತಿಲ್ಲ. ಅಷ್ಟು ಕುಣಿಯುತ್ತಾ ಶ್ರುತಿ ಬಿಡದೆ ಹಾಡಿದರು. ಗೆದ್ದ ಮೇಲೆ ಜನ ಅವರ ಮೇಲೆ ಬಿದ್ದ ರೀತಿ ನೋಡಿ ನನಗೆ ತುಂಬಾ ಬೇಜಾರಾಯಿತು. ಟ್ವಿಟರ್ ಬಿಟ್ಟೇ ಹೋದರು ಪಾಪ. ಲೆಕ್ಕದ ನಿಯಮ ಬರೆದವರು ಅವರಲ್ಲವಲ್ಲ.

ಆದರೆ ಫಲಿತಾಂಶ ಚೆನ್ನಾಗಿ ಬಂತು ಅಂತ ಲೆಕ್ಕ ಸರಿಯಾಗುವುದಿಲ್ಲ. ಇನ್ನೊಂದು ಮಾತು. 1968ರಲ್ಲಿ ಯೂರೋವಿಷನ್‌ಗೆ ಆಯ್ಕೆಯಾಗಿದ್ದ ಗಾಯಕ ಸೆರ್ರಾತ್, ಸ್ಪೇನಿನ ಇನ್ನೊಂದು ಭಾಷೆ ಕಟಲಾನ್‌ನಲ್ಲಿ ಹಾಡುತ್ತೇನೆ ಅಂದಾಗ ಟಿವಿಯವರು ಒಪ್ಪಲಿಲ್ಲ, ಅವರ ಬದಲು ಮಾಸಿಯೆಲ್ ಹೋದರು, ಗೆದ್ದೂ ಬಂದರು. ಗೆದ್ದರು ಅನ್ನುವ ಕಾರಣಕ್ಕೆ ಸೆರ್ರಾತ್‌ಗೆ ಬೇಡ ಅಂದಿದ್ದು ಸರಿ ಅನ್ನೋಕಾಗುತ್ತಾ? ಗಲಿಷಿಯನ್ ಹಾಡಿಗೆ ಇಡೀ ದೇಶದಿಂದ ಅಷ್ಟು ವೋಟು ಬಿದ್ದಾಗ, ಅದರ ನಿಜವಾದ ಪ್ರಮಾಣವಾದರೂ ಅಂಕಪಟ್ಟಿಯಲ್ಲಿ ಕಾಣಬೇಕಿತ್ತು.